ನೀರ್ ಬುಟ್ಟವ್ರೆ

ಗಾಳಿ ಇರಲಿಲ್ಲ. ಆ ಬೆಳಿಗ್ಗೆ ಶಾಂತಮೂರ್ತಿಗೆ ಎದುರಾದ ಮೊದಲ ತೊಂದರೆಯೇ ಅದು. ಆಷಾಢ ಹುಟ್ಟಿದಾಗಿನಿಂದ ಸತ್ತೇಗಾಲದ ತೆಂಗಿನ ಗರಿಗಳು ಒಂದು ದಿನವೂ ಸುಮ್ಮನೆ ನಿಂತವಲ್ಲ. ಕಾರಿನಿಂದ ಇಳಿದು ತಲೆ ಎತ್ತಿದರೆ ಸಾಕು, ಇವತ್ತು ಆಗಲ್ಲ ಎಂಬ ಉತ್ತರ ಮರದ ತುದಿಯಲ್ಲೇ ತಯಾರಾಗಿ ಕಾದಿರುತ್ತಿತ್ತು. ಇವತ್ತು ನೋಡಿದರೆ ಗರಿಗಳೆಲ್ಲ ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ ಇಳಿಬಿದ್ದಿವೆ. ತೋರುಬೆರಳನ್ನು ನಾಲಗೆಗೆ ತಾಗಿಸಿ ಮೇಲೆ ಹಿಡಿದ. ಬೆರಳಿನ ಯಾವ ಮಗ್ಗುಲೂ ತಣ್ಣಗಾಗಲಿಲ್ಲ. ಇನ್ನೊಂದು ಬೆರಳನ್ನೂ ಹಿಡಿದು ನೋಡಿದ. ಕಾವೇರಿ ಹೊಳೆ ಇಲ್ಲಿ ಎರಡಾಗಿ ಕವಲೊಡೆಯುತ್ತದೆ. ದೊಡ್ಡ ಹರಿವು ಆಚೆ ದಡದ ಬಂಡೆಗಳ ಕಡೆಗೆ ಸದ್ದು ಮಾಡುತ್ತ ಹೋಗಿ, ಈಚೆಗೆ ನಾಲ್ಕು ಕಲ್ಲುಮೆಟ್ಟಿಲುಗಳ ಕೆಳಗೆ ಅಗಲವಾದ ಒಂದು ಮಡು ಉಳಿದುಕೊಂಡಿದೆ. ಊರಿನವರು ಎಮ್ಮೆ ತೊಳೆಯುವ ನೀರು ಅದು. ದಡದ ಹತ್ತಿರ ಎದೆಮಟ್ಟಕ್ಕಿಂತ ಆಳವಿಲ್ಲ. ಆ ನೀರಿಗೆ ಒಂದು ಒಣ ಬಿದಿರೆಲೆಯನ್ನು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತ. ಎಲೆ ಬಿಟ್ಟಲ್ಲೇ ನಿಂತಿತು. ಎಲೆಗೂ ಅವನಿಗೂ ಯಾವುದೋ ಹಳೆಯ ಜಿದ್ದು ಇದ್ದ ಹಾಗೆ ಇಬ್ಬರೂ ಅಲ್ಲಾಡದೆ ಒಬ್ಬರನ್ನೊಬ್ಬರು ನೋಡುತ್ತ ಉಳಿದರು.

ಇದನ್ನೆಲ್ಲ ಅವನು ಕಲಿತದ್ದು ಕಡಲಿನಿಂದ. ಕಾಲೇಜಿನಿಂದ ನಿವೃತ್ತನಾದ ವರ್ಷ ಜೊತೆಯ ಲೆಕ್ಚರರುಗಳೆಲ್ಲ ವ್ಯಾನು ಮಾಡಿಕೊಂಡು ಕರಾವಳಿಗೆ ಹೋಗಿದ್ದಾಗ, ಉಳಿದವರು ಮೀನೂಟದ ಹೋಟೆಲು ಹುಡುಕುತ್ತಿದ್ದರೆ ಇವನು ಮರಳಿನಲ್ಲಿ ನಿಂತಿದ್ದ ಒಬ್ಬ ಆಸಾಮಿಯನ್ನೇ ನೋಡುತ್ತ ಉಳಿದುಬಿಟ್ಟಿದ್ದ. ಆತ ಬಾಡಿಗೆಗೆ ಕಯಾಕ್ ಕೊಡುವವನು. ಒಬ್ಬರೋ ಇಬ್ಬರೋ ಕಾಲು ಚಾಚಿ ಕೂತು ಹುಟ್ಟು ಹಾಕುವ ಸಣ್ಣ ದೋಣಿಗಳ ಸಾಲನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಲೆ ನೋಡಿದ, ಆಕಾಶ ನೋಡಿದ, ಒಂದು ಹಿಡಿ ಮರಳೆತ್ತಿ ಗಾಳಿಗೆ ಬಿಟ್ಟ, ಆಮೇಲೆ ಅವಸರವಿಲ್ಲದೆ ಕಂಬಕ್ಕೆ ಹಸಿರು ಬಾವುಟ ಏರಿಸಿದ. ಜನ ಮಂದೆಯ ಹಾಗೆ ನೀರಿಗೆ ನುಗ್ಗಿದರು. ಶಾಂತಮೂರ್ತಿಯ ಮನಸ್ಸು ಹಿಡಿದದ್ದು ದೋಣಿಯಲ್ಲ, ಆ ಬಾವುಟ. ಮೂವತ್ತು ಚಿಲ್ಲರೆ ವರ್ಷ ಫಿಸಿಕ್ಸ್ ಹೇಳಿದ ತನ್ನ ಒಂದು ಮಾತಿಗೂ ನಾಲ್ಕು ಜನ ಹೀಗೆ ನಂಬಿ ಹೆಜ್ಜೆ ಎತ್ತಿದ್ದುಂಟೇ ಎಂದು ಅಲ್ಲೇ ಕೇಳಿಕೊಂಡಿದ್ದ. ಊರಿಗೆ ಬಂದವನು ಗಾಳಿ ತುಂಬುವ ಎರಡು ಸೀಟಿನ ಕಯಾಕ್ ತರಿಸಿದ. ಕಡಲ ತೀರದ ಕೋಚ್ ಒಬ್ಬನ ವಿಡಿಯೋಗಳನ್ನು ಬಾಯಿಪಾಠವಾಗುವಷ್ಟು ನೋಡಿದ. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯನ್ನು ನಂಬಬೇಡಿ, ಅದು ಮೆಲ್ಲಗೆ ಬೀಸಿದರೂ ನಿಮ್ಮನ್ನು ಒಯ್ದುಬಿಡುತ್ತದೆ. ಸಂಶಯ ಬಂದರೆ ಇಳಿಯಬೇಡಿ. ಸಂಶಯಕ್ಕೇನು, ಶಾಂತಮೂರ್ತಿಯಲ್ಲಿ ಕಣಜದ ತುಂಬ ಇತ್ತು. ಕಾವೇರಿಗೆ ಉಬ್ಬರವಿಳಿತ ಇಲ್ಲವೆಂದು ಅವನಿಗೆ ಗೊತ್ತಿಲ್ಲವೇ? ಆದರೂ ಕೊಳ್ಳೇಗಾಲದಲ್ಲಿ ಕೂತು ದಿನಾ ಬೆಳಿಗ್ಗೆ ಮಂಗಳೂರಿನ ಉಬ್ಬರದ ಹೊತ್ತನ್ನು ಫೋನಿನಲ್ಲಿ ನೋಡುವ ಚಾಳಿ ಹತ್ತಿತ್ತು. ನೋಡಿದರೆ ಏನೋ ಒಂದು ಸಮಾಧಾನ.

ಹಿಂದಿನಿಂದ ಎಮ್ಮೆಯ ಗಂಟೆ ಕೇಳಿಸಿತು. ಮಾದು. ಇವನು ಬರುವ ಹೊತ್ತಿಗೆ ಸರಿಯಾಗಿ ಎಮ್ಮೆಯನ್ನು ತೊಳೆಯಲು ಹೊಡೆದುಕೊಂಡು ಬರುವ ಸತ್ತೇಗಾಲದ ಮಾದು, ಇವನ ಸರಿವಯಸ್ಸಿನವನು. ಒಳ್ಳೆಯವನೇ, ಆದರೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದ. ದಿನಾ ಅದೇ ಪ್ರಶ್ನೆ, ಅದೇ ವಿನಯ. 'ಇವತ್ತೂ ಆಗಕ್ಕಿಲ್ವಾ ಸಾ?' ಕೇಳಿ, ಉತ್ತರಕ್ಕೂ ಕಾಯದೆ, ಎಮ್ಮೆಯ ಬೆನ್ನು ತಿಕ್ಕಲು ಶುರುಮಾಡುತ್ತಿದ್ದ. ಅಣಕವೋ ಮರುಕವೋ ಬರೀ ಕುಶಾಲೋ, ಶಾಂತಮೂರ್ತಿ ಎಷ್ಟು ತೂಗಿ ನೋಡಿದರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಗಾಳಿಯ ವೇಗದ ಬಗ್ಗೆ ಅವನಿಗೆ ವಿವರಿಸಲು ಹೋಗಿ, ಎಮ್ಮೆ ಬಾಲ ಬೀಸಿ, ಬಿಳಿ ಅಂಗಿಯ ಮೇಲೆ ಕೆಸರು ಬಿದ್ದು, ಮಾತು ಅಲ್ಲಿಗೇ ನಿಂತಿತ್ತು. ಆ ಕಲೆ ಇನ್ನೂ ಹೋಗಿಲ್ಲ. ಇವತ್ತು ಮಾದು ಪ್ರಶ್ನೆ ಕೇಳಲಿಲ್ಲ. ನಿನ್ನೆ ಸಂಜೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು ಸಾರಿದರೆಂದೂ, ಕನ್ನಂಬಾಡಿ ಕಟ್ಟೆ ತುಂಬಿದೆಯಂತೆಂದೂ, ಇವತ್ತು ಸಂಜೆಯ ಮೇಲೆ ಹೊಳೆಗೆ ನೀರು ಬಿಡುತ್ತಾರಂತೆ, ನಾಳೆಯಿಂದ ದನ ಕರು ಯಾವುದನ್ನೂ ಇಳಿಸಕೂಡದಂತೆಂದೂ ಹೇಳಿದ. ಇವತ್ತೊಂದು ದಿನ ಚೆನ್ನಾಗಿ ತೊಳೆದುಬಿಡುತ್ತೇನೆ ಎಂದು ಎಮ್ಮೆಯ ಕೊಂಬು ಹಿಡಿದು ನೀರಿಗೆ ಇಳಿಸಿದ.

ಶಾಂತಮೂರ್ತಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇವತ್ತು ತಪ್ಪಿಸದೆ ಬಂದದ್ದು. ಇವತ್ತು ಬಿಟ್ಟರೆ ಇನ್ನು ಮಳೆಗಾಲ ಕಳೆಯುವವರೆಗೆ ಈ ಮಡು ಇರುವುದಿಲ್ಲ, ಮೆಟ್ಟಿಲೂ ಕಾಣುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಹೆಂಡತಿಗೆ ಇದನ್ನೇ ಪಾಠದ ಹಾಗೆ ಬಿಡಿಸಿ ಹೇಳಿದ್ದ: ಕಟ್ಟೆಯಲ್ಲಿ ಈಗಲೇ ಬಿಟ್ಟರೂ ಅಷ್ಟು ದೂರ ಹರಿದು ಸತ್ತೇಗಾಲ ಮುಟ್ಟಲು ಹೆಚ್ಚುಕಡಿಮೆ ಒಂದು ಹಗಲು ಬೇಕು, ಹೊಳೆಗೆ ರೆಕ್ಕೆ ಇಲ್ಲ, ಆದ್ದರಿಂದ ಭಯಕ್ಕೆ ಕಾರಣವಿಲ್ಲ. ಶಿವನಂಜಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೇಳಿಸಿಕೊಂಡಳು. ಕೇಳಿಸಿಕೊಂಡು, ಹಂಗಾದ್ರೆ ನಾನೂ ಬರ್ತೀನಿ ಅಂದುಬಿಟ್ಟಳು. ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಬಂಡಳ್ಳಿಯಂಥ ಬೆದ್ದಲು ಸೀಮೆಯಲ್ಲಿ ಹುಟ್ಟಿದವಳು, ಬಾವಿ ಬಿಟ್ಟರೆ ಬೇರೆ ನೀರು ಕಾಣದವಳು, ಈಜು ಬಾರದು. ನಲ್ಲಿ ಯಾವ ಹೊತ್ತಿಗೆ ಬರುತ್ತದೋ ಎಂದು ಸಂತೆಗೂ ಓಡಿ ಹೋಗಿ ಓಡಿ ಬರುವವಳು. ಇವತ್ತು ಮನೆಯ ಕೀಯನ್ನು ಪಕ್ಕದ ಮನೆಯ ಪ್ರೇಮಾಳ ಕೈಗೆ ಕೊಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಈಗ ಕಾರಿನ ಬಾಗಿಲಿಗೆ ಒರಗಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಬಕಲುಗಳನ್ನು ಒಂದೊಂದಾಗಿ ಹಾಕುತ್ತ ನಿಂತಿದ್ದಾಳೆ. ಆ ಜಾಕೆಟ್ಟಿನಲ್ಲಿ ಅವಳು ರಸ್ತೆ ಕೆಲಸದ ಮೇಸ್ತ್ರಿಯಂತೆ ಕಾಣುತ್ತಿದ್ದಳು. 'ಏನಂತೆ ನಿಮ್ಮ ಎಲೆ?' ಎಂದು ಅಲ್ಲಿಂದಲೇ ಕೇಳಿದಳು.

ಎಲೆ ಏನೂ ಅನ್ನುತ್ತಿರಲಿಲ್ಲ. ನೀರಿನ ಬಣ್ಣ ನೋಡಿದ, ಕೆಂಪಿಲ್ಲ. ನೊರೆ ಇಲ್ಲ. ಮೆಟ್ಟಿಲಿನ ಮೇಲೆ ಒದ್ದೆಯ ಗೆರೆ ಬಂದಾಗ ಎಲ್ಲಿತ್ತೋ ಅಲ್ಲೇ ಇದೆ. ಮಾದುವಿನ ಎಮ್ಮೆ ಮೂಗು ಮಾತ್ರ ಮೇಲಿಟ್ಟು ಕಣ್ಣು ಮುಚ್ಚಿದೆ. ಇಷ್ಟು ದಿನ ಹೊಳೆ ಏನಾದರೊಂದು ನೆಪ ಕೊಟ್ಟು ಅವನ ಮಾನ ಕಾಯುತ್ತಿತ್ತು, ಇವತ್ತು ಕೈಬಿಟ್ಟಿತ್ತು. ಆಗ ಅವನಲ್ಲಿ ಒಂದು ಕುತೂಹಲ ಎದ್ದಿತು, ನೀರಿನ ಬಗ್ಗೆ ಅಲ್ಲ, ತನ್ನ ಬಗ್ಗೆಯೇ. ಇಷ್ಟೆಲ್ಲ ಮೀನ ಮೇಷ ಎಣಿಸುವ ತಾನು ಜಾಗರೂಕನೋ, ಪುಕ್ಕಲನೋ? ಎರಡಕ್ಕೂ ಹೊರಗಿನ ಚಹರೆ ಒಂದೇ. ಮದುವೆಯಾದ ಹೊಸತರಲ್ಲಿ ಭರಚುಕ್ಕಿಗೆ ಕರೆದುಕೊಂಡು ಹೋಗಿದ್ದ. ಕೆಳಗೆ ತೆಪ್ಪದವನು ಒಂದು ಸುತ್ತು ಹಾಕಿಸುತ್ತೇನೆಂದು ಕರೆದಾಗ ನಂಜಮ್ಮ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ತಯಾರಾಗಿ ನಿಂತಿದ್ದಳು. ನೀರು ಜಾಸ್ತಿ ಇದೆ, ಮುಂದಿನ ಸಲ ಬಂದಾಗ ನೋಡೋಣ ಅಂದಿದ್ದ. ಅವಳು ಚಪ್ಪಲಿಯನ್ನು ಮತ್ತೆ ಹಾಕಿಕೊಂಡಿದ್ದಳು. ಮುಂದಿನ ಸಲ ಬರಲಿಲ್ಲ, ಅವಳೂ ಕೇಳಲಿಲ್ಲ. ಅವಳಿಗೋಸ್ಕರವೇ ಅಲ್ಲವೇ ತಾನು ಬೇಡವೆಂದದ್ದು? ಮೈಸೂರಿನ ವರ್ಗಾವಣೆ ಬೇಡವೆಂದದ್ದು, ಸ್ಕೂಟರಿನಲ್ಲಿ ಬೆಟ್ಟ ಹತ್ತುವುದು ಬೇಡವೆಂದದ್ದು, ಎಲ್ಲವೂ ಅವಳಿಗೋಸ್ಕರ. ಈ ಒಂದು ನಂಬಿಕೆಯ ಮೇಲೆ ಇಡೀ ಸಂಸಾರವನ್ನು ನಿಲ್ಲಿಸಿಕೊಂಡು ಬಂದಿದ್ದ. ಇವತ್ತು ಅವಳನ್ನು ಮುಂದೆ ಕೂರಿಸಿಕೊಂಡು ಇಳಿದುಬಿಟ್ಟರೆ ಅದು ನಿಜವಾಗುತ್ತದೆ ಅನ್ನಿಸಿತು. ಇಷ್ಟು ವರ್ಷ ಕಾದದ್ದು ಒಳ್ಳೆಯ ನೀರಿಗಾಗಿ, ಒಳ್ಳೆಯ ನೀರು ಬಂದ ದಿನ ತಾನು ಹಿಂದೆ ನಿಲ್ಲಲಿಲ್ಲ ಎಂದಾಗುತ್ತದೆ. 'ಇಳಿಬೌದು,' ಎಂದ. ಆ ಮಾತು ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನಿಗೇ ಸೋಜಿಗವಾಯಿತು. ಮಾದು ಎಮ್ಮೆ ತಿಕ್ಕುವುದನ್ನು ನಿಲ್ಲಿಸಿ ತಿರುಗಿ ನೋಡಿದ.

ಕಾಲಿನಲ್ಲಿ ತುಳಿಯುವ ಪಂಪಿನಿಂದ ಗಾಳಿ ತುಂಬುವಾಗ ನಂಜಮ್ಮ ತಾನೂ ಒಂದಷ್ಟು ತುಳಿದಳು, ಮಗುವಿನ ಹಾಗೆ ನಗುತ್ತ. ಮುದುರಿ ಬಿದ್ದಿದ್ದ ನೀಲಿ ಚೀಲ ಮೈ ಮುರಿಯುತ್ತ ಎದ್ದು ದೋಣಿಯಾಯಿತು. ಇದೇನ್ ಸಾ ಒಳ್ಳೆ ಟೂಬು ಇದ್ದಂಗದೆ ಎಂದು ಮಾದು ಅಂದ. ಅಂದವನೇ ಬಂದು ಒಂದು ತುದಿ ಹಿಡಿದು ಮೆಟ್ಟಿಲಿಳಿಸಿಕೊಟ್ಟ. ನಂಜಮ್ಮ ಮುಂದೆ ಕೂತಳು, ಅವನು ಹಿಂದೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡಿದ್ದ, ಅದೂ ಕೋಚ್ ಹೇಳಿದ್ದೇ. ಹುಟ್ಟಿನಿಂದ ಕಲ್ಲನ್ನು ಒತ್ತಿದ. ನೆಲ ಬಿಟ್ಟುಹೋಯಿತು. ಅಷ್ಟೇ ಆದದ್ದು, ಆದರೆ ಅಷ್ಟನ್ನು ಯಾವ ವಿಡಿಯೋವೂ ಹೇಳಿರಲಿಲ್ಲ. ಕೂತ ಕುಂಡೆಯ ಕೆಳಗೆ ನೀರು ಉಸಿರಾಡುವುದು ಗೊತ್ತಾಗುತ್ತಿತ್ತು. ನಂಜಮ್ಮ ಒಂದು ಕೈಯನ್ನು ನೀರಿಗೆ ಇಳಿಬಿಟ್ಟು, ತಣ್ಣಗದೆ ಕಣ್ರಿ ಅಂದಳು. ಅವಳ ತುರುಬಿನ ಕೆಳಗೆ ಕುತ್ತಿಗೆಯ ಮೇಲೆ ಒಂದು ಸಣ್ಣ ಮಚ್ಚೆಯಿತ್ತು. ಇದು ಮೊದಲಿಂದ ಇದ್ದದ್ದೋ, ಈಚೆಗೆ ಬಂದದ್ದೋ? ಕೇಳಬೇಕೆಂದುಕೊಂಡ. ಅಷ್ಟು ಹೊತ್ತಿಗೆ ಎದೆಯ ಮೇಲೆ ಫೋನು ಹೊಡೆದುಕೊಂಡಿತು. ಚೀಲದ ಮೇಲಿಂದಲೇ ಒತ್ತಿ, ಸ್ಪೀಕರು ಮಾಡಲು ಹೋಗಿ ಆಗದೆ, ಕಿವಿಗೆ ಹಿಡಿದ. ಗಂಟಲು ಹರಿಯುವ ಹಾಗೆ ಪ್ರೇಮಾ ಕೂಗುತ್ತಿದ್ದಳು, 'ಸಾ, ನೀರ್ ಬುಟ್ಟವ್ರೆ ಕಣ್ ಸಾ! ಬಿರ್‍ರನೆ ಬನ್ನಿ!'

ಆಮೇಲೆ ಏನಾಯಿತೆಂಬುದನ್ನು ಅವನು ಮುಂದೆ ಎಷ್ಟೋ ಸಲ ನಿಧಾನವಾಗಿ ಓಡಿಸಿ ನೋಡಲು ಪ್ರಯತ್ನಿಸಿದ. ಯೋಚನೆ ಎಂಬುದು ನಡುವೆ ಎಲ್ಲೂ ಇರಲಿಲ್ಲ. ಮಾತು ಕಿವಿಗೆ ಬಿತ್ತು, ಅವನು ನೀರಿನಲ್ಲಿದ್ದ. ಸೊಂಟದವರೆಗೆ ನೀರು, ಕೈಯಲ್ಲಿ ಮೆಟ್ಟಿಲಿನ ಕಲ್ಲು, ಆಮೇಲೆ ಮೊಣಕಾಲು ತರಚಿ ಮೇಲೆ ಬಂದು ನಿಂತದ್ದು. 'ಮಾದೂ, ಎಮ್ಮೆ ಎಳ್ಕೋ, ಬುಟ್ಟವ್ರಂತೆ!' ಎಂದು ಕೂಗಿದ ದನಿ ತನ್ನದೇ ಎಂದು ಸ್ವಲ್ಪ ತಡವಾಗಿ ತಿಳಿಯಿತು. ತಿರುಗಿದರೆ ದೋಣಿ ಮಡುವಿನ ನಡುವಿನ ಕಡೆಗೆ ಜಾರಿಕೊಂಡು ಹೋಗುತ್ತಿತ್ತು, ಮುಂದಿನ ಸೀಟಿನಲ್ಲಿ ನಂಜಮ್ಮ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಿದ್ದಳು. ಜಾರುತ್ತಿದ್ದುದೇಕೆಂದರೆ ಇವನು ಒದ್ದದ್ದರಿಂದ. ನ್ಯೂಟನ್ನನ ಮೂರನೆಯ ನಿಯಮ. ದೋಣಿಯಿಂದ ಮನುಷ್ಯ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ; ಬೋರ್ಡಿನ ಮೇಲೆ ವರ್ಷ ವರ್ಷ ಅದೇ ಚಿತ್ರ ಬರೆದಿದ್ದ, ಒಂದು ಗೆರೆಯ ಮನುಷ್ಯ, ಒಂದು ಗೆರೆಯ ದೋಣಿ, ಎರಡು ಬಾಣ. ದೋಣಿಯಲ್ಲಿ ಇನ್ನೊಬ್ಬರು ಕೂತಿದ್ದರೆ ಎಂದು ಯಾವ ಹುಡುಗನೂ ಎದ್ದು ಕೇಳಿರಲಿಲ್ಲ.

ಮಾದು ಹೊಳೆಯ ಮೇಲುಗಡೆಗೆ ಒಮ್ಮೆ ಕಣ್ಣು ಹಾಯಿಸಿದ. ಅಲ್ಲಿ ಏನೂ ಇರಲಿಲ್ಲ. ಎಮ್ಮೆಯೂ ಕಣ್ಣು ತೆರೆಯಲಿಲ್ಲ. ಎಲ್ ಬುಟ್ಟವ್ರೆ ಸಾ ಎಂದು ಮಾದು ಕೇಳುತ್ತಿರುವಾಗಲೇ ಶಾಂತಮೂರ್ತಿಯ ಕೊರಳಿನಲ್ಲಿ ನೇತಾಡುತ್ತಿದ್ದ ಫೋನು ಇನ್ನೂ ಮಾತಾಡುತ್ತಿತ್ತು. ಈಗ, ಬೇಕಾಗಿರದಾಗ, ಸ್ಪೀಕರು ಹತ್ತಿಕೊಂಡಿತ್ತು. ನಿಮ್ಮ ಮನೆ ಸಂಪಿನ ಮುಚ್ಚಳ ಜಾಮ್ ಆಗಿದೆ, ಬೀದಿಯವರೆಲ್ಲ ಆಗಲೇ ಹಿಡಿಯುತ್ತಿದ್ದಾರೆ, ಇನ್ನು ಅರ್ಧ ಗಂಟೆಗೆ ನಿಲ್ಲಿಸಿಬಿಡುತ್ತಾರೆ, ಅಕ್ಕನಿಗೆ ಕೊಡಿ ಎಂದು ಪ್ರೇಮಾ ಒಂದೇ ಸಮನೆ ಬಡಬಡಿಸುತ್ತಿದ್ದಳು. ಮಾದು ಮುಖ ತಿರುಗಿಸಿ ಎಮ್ಮೆಯ ಕಿವಿಯ ಹಿಂದೆ ತಿಕ್ಕತೊಡಗಿದ. ಅವನು ನಕ್ಕಿದ್ದರೆ ಒಳ್ಳೆಯದಿತ್ತು. ಶಾಂತಮೂರ್ತಿಗೆ ಮೈಯೆಲ್ಲ ಉರಿದುಹೋಯಿತು. ಕಟ್ಟೆಯ ನೀರೇ ಆಗಿದ್ದರೂ ಒಂದು ಹಗಲು ಬೇಕು ಎಂದು ಕಾಫಿ ಕುಡಿಯುತ್ತ ಹೇಳಿದವನು ತಾನೇ. ಹೊಳೆಗೆ ರೆಕ್ಕೆ ಇಲ್ಲ ಅಂದವನು ತಾನೇ.

ದೋಣಿ ತಾನಾಗಿ ನಿಂತಿತು. ನಂಜಮ್ಮ ಮೆಲ್ಲಗೆ ಸೊಂಟ ತಿರುಗಿಸಿ ಇತ್ತ ನೋಡಿದಳು. ಕೂಗಲಿಲ್ಲ, ಗಾಬರಿಯೂ ಕಾಣಲಿಲ್ಲ. ಹಿಂದಿನ ಸೀಟು ಖಾಲಿಯಿರುವುದನ್ನು ನೋಡಿ, ಆಮೇಲೆ ದಡದ ಮೇಲೆ ಪ್ಯಾಂಟಿನಿಂದ ನೀರು ಸುರಿಸುತ್ತ ನಿಂತ ಗಂಡನನ್ನು ನೋಡಿದಳು.

'ಯಾರು, ಪ್ರೇಮಾನಾ? ಏನಂತೆ?'

'ನೀರ್ ಬುಟ್ಟವ್ರಂತೆ.'

'ಬುಟ್ರಾ? ಸದ್ಯ. ನಿನ್ನೆಯಿಂದ ಸಂಪು ಬರಿದಾಗಿತ್ತು,' ಅಂದಳು. ಅವಳಿಗೆ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಹೇಳಿ ಮುಗಿಸಿದ ಮೇಲೂ ಅವಳು ಅವನನ್ನೇ ನೋಡುತ್ತಿದ್ದಳು. ಒದ್ದೆ ಪ್ಯಾಂಟು, ತರಚಿದ ಮೊಣಕಾಲು, ಕಲ್ಲನ್ನು ಇನ್ನೂ ಬಿಡದ ಕೈ. ಆ ಮುಖದಲ್ಲಿ ಒಂದು ಲೆಕ್ಕ ನಿಧಾನವಾಗಿ ಮುಂದೆ ಹೋಗುವುದು ಇಷ್ಟು ದೂರಕ್ಕೂ ಕಾಣುತ್ತಿತ್ತು. ಈಗ ಏನಾದರೂ ಹೇಳಬೇಕು, ಅವಳು ಉತ್ತರ ಮುಟ್ಟುವ ಮೊದಲೇ ಹೇಳಬೇಕು. ಕಾಲು ಜಾರಿತು ಅನ್ನಬಹುದು. ದೋಣಿ ಎಳೆಯಲು ಇಳಿದೆ ಅನ್ನಬಹುದು. ಮಾದು ಬಾಯಿ ಬಿಡುವವನಲ್ಲ. ನಾಲಗೆಯ ತುದಿಗೆ ಎರಡೂ ಬಂದು ನಿಂತವು.

'ನೀವ್ ಯಾವ್ ನೀರು ಅಂದ್ಕೊಂಡ್ರಿ?' ಎಂದಳು ನಂಜಮ್ಮ.

ಹೊಳೆಯ ಆಚೆ ಕವಲು ಬಂಡೆಗೆ ಬಡಿದುಕೊಳ್ಳುವ ಸದ್ದು ಆಗ ಕೇಳಿಸಿತು. ಅದು ಬೆಳಿಗ್ಗೆಯಿಂದ ಇದ್ದದ್ದೇ.

'ಕಟ್ಟೆ ನೀರು.'

'ಅಂದ್ಕೊಂಡು, ಇಳುದ್ರಿ.'

'ಹೂಂ.'

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಗೊತ್ತಿದ್ದ ದಾರಿ, ಸುಮ್ಮನಿದ್ದು ಸಂಜೆಯವರೆಗೆ ಕಾಯುವುದು. ನಕ್ಕಳೋ ಎಂದರೆ ಅದೂ ಸರಿಯಾಗಿ ಗೊತ್ತಾಗಲಿಲ್ಲ. ಸೂರ್ಯ ಅವಳ ಹಿಂದಿದ್ದ. ಎಲೆ, ನೊರೆ, ಗೆರೆ, ಗಾಳಿ ಎಲ್ಲವನ್ನೂ ಓದಲು ಕಲಿತವನು ಆ ಮುಖವನ್ನು ಓದಲು ಕಣ್ಣು ಕಿರಿದು ಮಾಡಿಕೊಂಡು ನಿಂತ. ಹೆದರಿಕೆಯ ಅಡಿಯಲ್ಲಿ, ನಾಚಿಕೆಯ ಅಡಿಯಲ್ಲಿ, ಬೆಳಗಿನ ಆ ಕುತೂಹಲ ಮತ್ತೆ ತಲೆ ಎತ್ತಿತ್ತು, ಈ ಸಲ ಅವಳ ಬಗ್ಗೆ. ಇವಳು ಈಗ ಏನು ಮಾಡುತ್ತಾಳೆ? ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಒಮ್ಮೆಯೂ ತನಗೆ ಬಂದಿರಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. ನೀರಿಗೆ ಇಳಿದು ದೋಣಿ ಎಳೆದು ತರಲೇ ಎಂದು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ದೋಣಿಯಲ್ಲೇ ಬಿಟ್ಟುಹೋಗಿದ್ದ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಹಿಡಿಯಬೇಕೆಂದು ಒಂದೆರಡು ಸಲ ಕೈ ಬದಲಿಸಿ ನೋಡಿದಳು.

'ಸಂಪಿನ ಮುಚ್ಚಳ ಜಾಮಾಗಿರ್ತದೆ, ಸೌಟಲ್ಲಿ ಮೀಟಕ್ಕೇಳಿ, ಬತ್ತದೆ. ಸಂಪು ತುಂಬುದ್ಮೇಲೆ ಡ್ರಮ್ಮೂ ತುಂಬ್ಸಕ್ಕೇಳಿ,' ಅಂದಳು. 'ನಾನ್ ಈಗ್ಲೇ ಬರಕ್ಕಿಲ್ಲ.'

ಹುಟ್ಟನ್ನು ಒಂದು ಕಡೆ ಅದ್ದಿದಳು. ದೋಣಿ ಗಿರ್ರನೆ ಸುತ್ತಿ ಅವನಿಗೆ ಬೆನ್ನು ಮಾಡಿತು. ಇನ್ನೊಂದು ಕಡೆ ಅದ್ದಿದಳು, ಮತ್ತೆ ಸುತ್ತಿತು. ಎರಡು ಸುತ್ತು, ಮೂರು ಸುತ್ತು, ರಾಗಿಕಲ್ಲು ತಿರುಗಿದ ಹಾಗೆ; ಆಮೇಲೆ ಹೇಗೋ ಅವಳಿಗೇ ಹೊಳೆದು ಈ ಕಡೆ ಒಂದು, ಆ ಕಡೆ ಒಂದು ಹಾಕಿದಳು. ನೀಲಿ ದೋಣಿ ಮಡುವಿನ ಉದ್ದಕ್ಕೆ ನೆಟ್ಟಗೆ ಹೊರಟಿತು. ಅಮ್ಮಾವ್ರು ಓಗೇಬುಟ್ರಲ್ಲಾ ಎಂದು ಮಾದು ತನ್ನಷ್ಟಕ್ಕೆ ಅಂದುಕೊಂಡ. ಶಾಂತಮೂರ್ತಿಯ ಬೆರಳು ಅಭ್ಯಾಸಬಲದಿಂದ ಬಾಯಿಗೆ ಹೋಗಿ, ಮೇಲೆದ್ದು ನಿಂತಿತು. ಗಾಳಿ ಹುಟ್ಟಿತ್ತು, ಮೆಲ್ಲಗೆ, ನೀರಿನಿಂದ ದಡದ ಕಡೆಗೆ. ತಾನಾಗಿ ದಡಕ್ಕೆ ತರುವ ಗಾಳಿ, ಒಳ್ಳೆಯದು. ಅವಳಿಗೆ ಕೂಗಿ ಹೇಳಬೇಕೆಂದುಕೊಂಡ, ಯಾವ ಬಾಯಲ್ಲಿ ಹೇಳುವುದು? ಕೈ ಇಳಿಸಿದ.

ಫೋನು ಇನ್ನೂ ಕಟ್ ಆಗಿರಲಿಲ್ಲ. ಅಲೋ ಅಲೋ ಅನ್ನುತ್ತಿದ್ದ ಪ್ರೇಮಾಳಿಗೆ ಸೌಟಿನ ವಿಷಯ ಹೇಳಿದ, ಡ್ರಮ್ಮಿನ ವಿಷಯ ಹೇಳಿದ. ಆಗಲಿ ಎಂದ ಅವಳು, ಅಕ್ಕ ಬರುವುದು ಎಷ್ಟು ಹೊತ್ತಾಗುತ್ತದೆ ಸಾ ಎಂದು ಕೇಳಿದಳು. ಕಿತ್ತಳೆ ಬಣ್ಣದ ಬೆನ್ನು ಮಡುವಿನ ಆಚೆ ತುದಿಯ ಬಿದಿರಿನ ನೆರಳನ್ನು ಹೊಗುತ್ತಿತ್ತು. ಅದು ಅಲ್ಲಿ ತಿರುಗುತ್ತದೋ, ನಿಲ್ಲುತ್ತದೋ, ನಿಂತು ಇತ್ತ ನೋಡುತ್ತದೋ; ಅವನು ನೋಡುತ್ತ ನಿಂತ.

'ಗೊತ್ತಿಲ್ಲ ಕಣಮ್ಮ,' ಎಂದ. 'ನಾನು ದಡದಲ್ಲಿವ್ನಿ. ಅವಳು ನೀರ್ ಮೇಲವ್ಳೆ.'